ಹತ್ತೊಂಬತ್ತನೇ ಮುಚ್ಚಳ

ಕುರಿಯ ವಯಸ್ಸು ತಿಳಿಯಬೇಕಾದರೆ ಬಾಯಿ ಬಿಡಿಸಿ ಹಲ್ಲು ನೋಡಿದರೆ ಸಾಕು. ಈ ವಿದ್ಯೆಯಲ್ಲಿ ಆನವಟ್ಟಿಯ ಯತೀಶನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಸಂತೆಯಲ್ಲಿ ಎಂಥ ದಲ್ಲಾಳಿ ಬಂದು ನಾಲ್ಕು ಹಲ್ಲಿನ ಟಗರನ್ನು ಎರಡು ಹಲ್ಲಿನದೆಂದು ವಾದಿಸಿದರೂ ಇವನ ಮುಂದೆ ನಡೆಯುತ್ತಿರಲಿಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅವನ ಮುಂದೆ ಸಾಲಾಗಿ ಕೂತಿದ್ದದ್ದು ಹತ್ತೊಂಬತ್ತು ಪ್ಲಾಸ್ಟಿಕ್ ಡಬ್ಬಿಗಳು. ಅವುಗಳ ವಯಸ್ಸು ಸಂಜೆಯೊಳಗೆ ತಿಳಿಯಲೇಬೇಕಾಗಿತ್ತು, ಒಂದಕ್ಕೂ ಹಲ್ಲಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಒದ್ದೆ ಬಟ್ಟೆ.

ಯತೀಶನ ಹೆಂಡತಿ ಸಂಗೀತ ಸೊರಬದಲ್ಲಿ ಹದಿನೈದು ದಿನದ ತರಬೇತಿ ಮುಗಿಸಿ ಬಂದು ಮನೆಯಲ್ಲೇ ಕೇಕ್ ಮಾಡಲು ಶುರುಮಾಡಿ ಎರಡು ವರ್ಷವಾಗಿತ್ತು. ಕೇಕ್ ಬೇಯಿಸುವುದು ಅರ್ಧ ಕೆಲಸ, ಅದನ್ನು ಸಿಂಗರಿಸುವ ಸಾಮಾನು ಕೆಡದಂತೆ ಕಾಪಾಡುವುದು ಇನ್ನರ್ಧ ಎಂದು ಯತೀಶನಿಗೆ ಗೊತ್ತಾದದ್ದು ಆಮೇಲೆ. ಬಣ್ಣದ ಕಾಳು, ಬೆಳ್ಳಿ ಗುಂಡು, ಮಿನುಗು ಪುಡಿ, ಜೆಲ್ ಬಣ್ಣ, ಸಕ್ಕರೆ ಹೂವು, ಎಲ್ಲವನ್ನೂ ಆಕೆ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ, ಮನೆಗೆ ಬಂದ ದಿನಾಂಕವನ್ನು ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿಡುತ್ತಿದ್ದಳು. ಯಾವುದು ಎಷ್ಟು ತಿಂಗಳು ತಾಳುತ್ತದೆ ಎಂಬ ಪಟ್ಟಿ ಕಪಾಟಿನ ಬಾಗಿಲ ಮೇಲೆ ಅಂಟಿಸಿತ್ತು. ಫ್ರಿಜ್ಜಿನಲ್ಲಿ ಮೇಲಿನ ಅಂತಸ್ತು ಕ್ರೀಮಿಗೆ, ಕೆಳಗಿನದು ಕುರಿಗಳ ಲಸಿಕೆಗೆ. ನಡುವೆ ಕೆಂಪು ಟೇಪು ಹಚ್ಚಿ ಗಡಿ ಗುರುತಿಸಿದ್ದಳು, ಆ ಗಡಿಯನ್ನು ದಾಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವತ್ತು ಸಂಗೀತ ತನ್ನ ತವರು ಶಿಕಾರಿಪುರಕ್ಕೆ ಹೊರಟಿದ್ದಳು. ಅಲ್ಲಿ ಒಂದು ಮನೆಯವರು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮೂರಂತಸ್ತಿನ ಕೇಕ್ ಹೇಳಿದ್ದರು. ಸೋಮವಾರ ಸಂಜೆಗೆ ಬೇಕು. ಇಷ್ಟು ದೊಡ್ಡ ಕೇಕ್ ಅವಳು ಇದುವರೆಗೆ ಮಾಡಿರಲಿಲ್ಲ. ಬಸ್ಸಿಗೆ ಹೊರಡುವ ಮುಂಚೆ ಗಂಡನನ್ನು ಕಪಾಟಿನ ಮುಂದೆ ನಿಲ್ಲಿಸಿಕೊಂಡಳು.

"ನೋಡ್ರಿ, ಧೂಳು ಕೂತೈತಿ, ಒಣಬಟ್ಟಿಲೆ ಒರಸ್ರಿ, ಅಷ್ಟ. ಫಾಂಡೆಂಟ್ ಫ್ರಿಜ್ಜಿನಾಗ ಇಡಬ್ಯಾಡ್ರಿ, ಬೆವರ್ತೈತಿ. ಚಾಕ್ಲೇಟು ಒಲಿ ಹತ್ರ ಬ್ಯಾಡ. ಬಣ್ಣ ಬಿಸಲಿಗೆ ಬ್ಯಾಡ. ಮುಚ್ಚಳ ತಗಿಯೋದಂತೂ ಬ್ಯಾಡೇ ಬ್ಯಾಡ."

"ಆಗಷ್ಟೇ ಹುಟ್ಟಿದ ಮರಿಗೂ ಇಷ್ಟು ಉಪಚಾರ ಇಲ್ವಲ್ಲ ಮಾರಾಯ್ತಿ!"

"ಮರಿ ಹಳೇದಾದ್ರ ಕುರಿ ಆಗ್ತೈತಿ. ಫಾಂಡೆಂಟ್ ಹಳೇದಾದ್ರ ನನ್ನ ಮರ್ಯಾದಿ ಹೋಗ್ತೈತಿ."

ಫಾಂಡೆಂಟ್ ಎಂದರೆ ಸಕ್ಕರೆಯಲ್ಲಿ ಮಾಡಿದ ಕಣಕ. ಹೋಳಿಗೆಯ ಕಣಕದಂತೆ ಲಟ್ಟಿಸಿ ಕೇಕಿನ ಮೇಲೆ ಹೊದಿಸುತ್ತಾರೆ, ಹೂವನ್ನೂ ಮಾಡುತ್ತಾರೆ. ಒಂದು ತಿಂಗಳಿಂದ ಸಂಗೀತ ಮಾಡಿದ ಗುಲಾಬಿಗಳೆಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತಿದ್ದವು. "ನನ್ನ ಕೈಯಾಗ ಏನೋ ದೋಷ ಬಂದೈತಿ" ಎಂದು ಎರಡು ಸಲ ಅತ್ತಿದ್ದಳು ಕೂಡ. ಸಾಮಾನಿನ ಮೇಲೆ ಅನುಮಾನ ಪಡುವ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ತನ್ನ ಗಂಡ ಖುದ್ದು ಶಿವಮೊಗ್ಗಕ್ಕೆ ಹೋಗಿ ತಾಜಾ ಫಾಂಡೆಂಟ್ ತಂದುಕೊಟ್ಟಿದ್ದಾನೆಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು. ಆ ಮಾತು ಬಂದಾಗಲೆಲ್ಲ ಯತೀಶ ವಿನಯದಿಂದ ಬೇರೆ ಕಡೆ ನೋಡುತ್ತಿದ್ದ.

"ಇವತ್ತೊಂದಿನ ಕಪಾಟು ಕಾಯ್ರಿ. ನಾಳೆ ಈಸೂರಿನ ಕಬಡ್ಡಿಗೆ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ" ಎಂದು ಹೇಳಿ ಸಂಗೀತ ಬಸ್ ಹತ್ತಿದಳು. ಫೈನಲ್ ಪಂದ್ಯ. ಯತೀಶ ಹದಿನೈದು ದಿನದಿಂದ ಅದೇ ಜಪ ಮಾಡುತ್ತಿದ್ದ. ಟಿಕೆಟ್ ತೆಗೆದಿಟ್ಟು, ಉಟ್ಟು ಹೋಗಲು ಬಿಳಿ ಪಂಚೆ ಒಗೆದು ಅಂಗಳದ ತಂತಿಯ ಮೇಲೆ ಹರವಿಯೂ ಆಗಿತ್ತು.

ಆ ಖುಷಿಯೇ ಮುಳುವಾಯಿತು. ಹೆಂಡತಿ ಒಂದು ಹೇಳಿದರೆ ತಾನು ಎರಡು ಮಾಡಬೇಕೆಂಬ ಉಮೇದು ಬಂತು. ಒಣಬಟ್ಟೆಯಲ್ಲಿ ಒರೆಸಿದರೆ ಧೂಳು ಆ ಕಡೆಯಿಂದ ಈ ಕಡೆ ಹೋಗುತ್ತದೆ, ಅಷ್ಟೇ ಅಲ್ಲವೇ? ಯತೀಶ ಡಬ್ಬಿಗಳನ್ನು ಅಂಗಳಕ್ಕೆ ತಂದು ಸಾಲಾಗಿಟ್ಟ, ಬಕೆಟ್ಟಿಗೆ ಸೋಪಿನ ಪುಡಿ ಹಾಕಿದ, ಬಟ್ಟೆ ಅದ್ದಿದ, ಹತ್ತೊಂಬತ್ತು ಮುಚ್ಚಳಗಳನ್ನೂ ತಿಕ್ಕಿ ತಿಕ್ಕಿ ಫಳಫಳ ಹೊಳೆಯಿಸಿದ. ಕೊನೆಯ ಮುಚ್ಚಳ ಒರೆಸಿ ಬೆನ್ನು ನೆಟ್ಟಗೆ ಮಾಡಿದಾಗ ಬಕೆಟ್ಟಿನ ನೀರು ನೀಲಿಯಾಗಿರುವುದು ಕಂಡಿತು. ಯಾಕಿರಬಹುದೆಂದು ಯೋಚಿಸಿದ. ತೊಳೆದುಹೋದ ದಿನಾಂಕಗಳೆಂದು ಗೊತ್ತಾದ ಕೂಡಲೇ ಅಲ್ಲೇ ನೆಲದ ಮೇಲೆ ಕೂತ.

ಪಕ್ಕದಲ್ಲಿ ರಟ್ಟಪ್ಪ ಬಂದು ನಿಂತ. ರಟ್ಟಪ್ಪ ಎಂದರೆ ಮನೆಯ ಮುದ್ದಿನ ಟಗರು ಮರಿ. ಹುಟ್ಟಿದಾಗ ಬಡಕಲಾಗಿತ್ತೆಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಾಕಿದ್ದರಿಂದ ಆ ಹೆಸರು. ಯತೀಶ ಎಲ್ಲಿ ಹೋದರೂ ಅದು ಹಿಂದೆಯೇ ಬರುತ್ತಿತ್ತು. ಈಗ ಬಕೆಟ್ಟಿನ ನೀರು ಮೂಸಿ ನೋಡಿ, ಮುಖ ಕಿವುಚಿ, ಯಜಮಾನನನ್ನು ಮರುಕದಿಂದ ನೋಡಿತು.

ಬೇಲಿಯಾಚೆಯಿಂದ ಹನುಮಂತಪ್ಪ ಕತ್ತು ಚಾಚಿದ. ಹನುಮಂತಪ್ಪ ಪಕ್ಕದ ಮನೆಯ ಹಿರಿಯ ರೈತ. ಬಿತ್ತನೆ ಬೀಜದ ವಿಷಯದಲ್ಲಿ ಊರಿಗೆಲ್ಲ ಅವನ ಮಾತೇ ಕೊನೆ. ಬೇರೆ ವಿಷಯದಲ್ಲೂ ತನ್ನದೇ ಕೊನೆ ಎಂದು ಅವನು ತಿಳಿದುಕೊಂಡಿದ್ದ.

"ಏನ್ಲೇ ಯತೀಶ, ಡಬ್ಬಿ ಪೂಜೆ ಮಾಡ್ತಾ ಕುಂತೀಯ?"

ಯತೀಶ ನಡೆದದ್ದನ್ನು ಹೇಳಿದ. "ದೊಡ್ಡಪ್ಪ, ಯಾವುದು ಹಳೇದು ಯಾವುದು ಹೊಸದು ಗೊತ್ತಾಗದಿದ್ರೆ ನಾಳೆ ಕಬಡ್ಡಿ ಮರ್ತುಬಿಡಬೇಕು."

"ಅಷ್ಟೇನಾ? ಹಳೇ ಬೀಜ ಹೊಸ ಬೀಜ ಕಂಡುಹಿಡಿಯಕ್ಕೆ ಒಂದು ಕ್ರಮ ಐತೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೇಲಿ ಸುತ್ತಿಡು. ಎಂಬತ್ತು ಮೊಳಕೆ ಬಂದ್ರೆ ಮಾಲು ಸೈ."

"ಇದು ಸಕ್ಕರೆ ದೊಡ್ಡಪ್ಪ, ಮೊಳಕೆ ಬರಲ್ಲ."

"ಬರಲ್ಲ ಅಂತ ನಂಗೊತ್ತಿಲ್ವಾ? ಹಳೇದಾದ್ರೆ ನೀರು ಬೇಗ ಹಿಡೀತದೆ, ಹೊಸದು ಗಟ್ಟಿ ನಿಲ್ತದೆ. ತಾ ಇಲ್ಲಿ."

ಮುಳುಗುವವನಿಗೆ ಹನುಮಂತಪ್ಪನೂ ಗತಿಯೇ. ಅವನು ಕನ್ನಡಕ ಏರಿಸಿ, ಸಾಸಿವೆ ಗಾತ್ರದ ಬಣ್ಣದ ಕಾಳುಗಳನ್ನು ಒಂದೊಂದಾಗಿ ನೂರು ಎಣಿಸಿದ. ನಡುವೆ ಸೀನು ಬಂದು ಅರವತ್ತೆರಡಕ್ಕೆ ತಪ್ಪಿತು, ಮತ್ತೆ ಒಂದರಿಂದ ಶುರುವಾಯಿತು. ಸುತ್ತಲು ಒದ್ದೆ ಬಟ್ಟೆ ಬೇಕಲ್ಲ? ತಂತಿಯ ಮೇಲಿದ್ದ ಬಿಳಿ ಪಂಚೆ ಕೈಗೆ ಸಿಕ್ಕಿತು. ಯತೀಶ ಒಳಗಿಂದ ನೀರು ತರುವಷ್ಟರಲ್ಲಿ ಪಂಚೆ ಗಂಟಾಗಿತ್ತು.

ಅದು ಮೆತ್ತಗಾಗುವವರೆಗೆ ಸುಮ್ಮನೆ ಕೂರುವುದೇಕೆಂದು ಹನುಮಂತಪ್ಪ ಎರಡನೇ ಪರೀಕ್ಷೆ ಶುರುಮಾಡಿದ. ಬತ್ತದ ಬೀಜವನ್ನು ಉಪ್ಪು ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಬೆಳ್ಳಿ ಗುಂಡುಗಳನ್ನು ಒಂದು ಹಿಡಿ ಉಪ್ಪು ನೀರಿಗೆ ಸುರಿದ. ಎಲ್ಲವೂ ಮುಳುಗಿದವು.

"ನೋಡಿದ್ಯಾ, ಗಟ್ಟಿ ಮಾಲು!" ಎಂದು ಹನುಮಂತಪ್ಪ ತೊಡೆ ತಟ್ಟುವಷ್ಟರಲ್ಲಿ ಬೆಳ್ಳಿಯ ಹೊದಿಕೆ ಬಿಟ್ಟು ನೀರಿನ ಮೇಲೆ ಬಂತು. ಕೆಳಗೆ ಉಳಿದದ್ದು ಬೋಳು ಸಕ್ಕರೆ. ಪಂಚೆಯ ಗಂಟು ಬಿಚ್ಚಿದರೆ ನೂರು ಕಾಳಿನಲ್ಲಿ ಒಂದೂ ಇರಲಿಲ್ಲ, ಬಣ್ಣ ಮಾತ್ರ ಇತ್ತು. ಕಬಡ್ಡಿಗೆ ಹೊರಟಿದ್ದ ಬಿಳಿ ಪಂಚೆ ಹೋಳಿ ಹುಣ್ಣಿಮೆ ಮುಗಿಸಿಕೊಂಡು ಬಂದ ಹಾಗಿತ್ತು. ಎಲ್ಲಿದ್ದವೋ ಏನೋ, ಇರುವೆಗಳು ಸಾಲುಗಟ್ಟಿ ಬಂದವು.

"ಹಂಗಾದ್ರೆ ಎಲ್ಲಾ ಹಳೇದೇ ಇರ್ಬೇಕು ನೋಡು" ಎಂದು ತೀರ್ಪು ಕೊಟ್ಟು ಹನುಮಂತಪ್ಪ ಊಟಕ್ಕೆ ಹೋದ.

ಯತೀಶ ಡಬ್ಬಿಗಳನ್ನು ಇರುವೆಗೆ ಸಿಗದಂತೆ ಒಳಗಿನ ಕಪಾಟಿಗೆ ಸೇರಿಸಿದ. ಇನ್ನುಳಿದದ್ದು ರುಚಿ ನೋಡುವ ದಾರಿ. ಹಳೆಯದು ಕಹಿಯಾಗುತ್ತದೆ, ಹುಳಿಯಾಗುತ್ತದೆ, ಏನಾದರೊಂದು ಆಗಿಯೇ ಆಗುತ್ತದೆ ಎಂದುಕೊಂಡು ಯತೀಶ ನೀಲಿ ಜೆಲ್ ಬಣ್ಣವನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಸಾಸಿವೆಯಷ್ಟು ತೆಗೆದರೆ ಒಂದು ಕೇಕಿಗಾಗುವ ಬಣ್ಣ ಅದು. ಅವನು ತೆಗೆದದ್ದು ಕಡಲೆಕಾಳಿನಷ್ಟು. ಕನ್ನಡಿ ನೋಡಿಕೊಂಡರೆ ತುಟಿ, ಹಲ್ಲು, ನಾಲಿಗೆ ಎಲ್ಲ ಕಡು ನೀಲಿ. ಅದೇ ಗಳಿಗೆಗೆ ಫೋನ್ ಬಡಿದುಕೊಂಡಿತು. ಸಂಗೀತಳ ವಿಡಿಯೋ ಕರೆ.

ಯತೀಶ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಫೋನ್ ಎತ್ತಿದ.

"ಯಾಕ್ರೀ, ಬಾಯಿಗೆ ಏನಾತು?"

"ಹಲ್ಲು ನೋವು."

"ಬೆಳಿಗ್ಗೆ ಚಲೋ ಇದ್ರಲ್ಲ?"

"ಈಗ ಬಂತು."

"ಲವಂಗ ಇಟ್ಕೊಳ್ರಿ. ಕಪಾಟು ತೋರಸ್ರಿ ಒಮ್ಮೆ." ಯತೀಶ ಎಂಟು ಹೆಜ್ಜೆ ದೂರದಿಂದ ಕಪಾಟಿನ ಕಡೆ ಫೋನ್ ತಿರುಗಿಸಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವಾಪಸ್ ತಿರುಗಿಸಿದ. "ಅಯ್ಯ, ಎಷ್ಟು ಹೊಳಿಯಾಕತ್ತಾವು!" ಎಂದಳು ಸಂಗೀತ ಮೆಚ್ಚುಗೆಯಿಂದ. "ಕೇಕಿನ ಮಾತೆಲ್ಲ ಮುಗೀತ್ರಿ. ಮೂರಂತಸ್ತಿನ ತುಂಬ ಗುಲಾಬಿ ಹೂವಾ ಬೇಕಂತ. ಈ ಸಲಾನೂ ಹೂವು ಬಿರುಕು ಬಿಟ್ರ ನಾ ಈ ಕೆಲಸನ ಬಿಡಾಕಿ ನೋಡ್ರಿ. ಐದಕ್ಕ ಅಲ್ಲಿ ಮುಟ್ಟೋ ಬಸ್ಸಿಗೆ ಬರ್ತೀನಿ."

ಹೇಳಿಬಿಡೋಣ ಎಂದು ಒಂದು ಕ್ಷಣ ಯತೀಶನ ಮನಸ್ಸಿಗೆ ಬಂತು. ಅವಳ ಮುಖ ನೋಡಿ ಪಾಪ ಅನ್ನಿಸಿತು. ಆದರೆ ಕಬಡ್ಡಿ ನೆನಪಾಯಿತು, ನಾಲಿಗೆಯ ಬಣ್ಣವೂ ನೆನಪಾಯಿತು. ಹೂಂ ಎಂದು ಫೋನ್ ಇಟ್ಟ.

ಮೂರು ಗಂಟೆಗೆ ಅವನ ತಾಯಿ ಗುಡ್ಡಮ್ಮ ಕುರಿಗಳನ್ನು ಆಳಿಗೆ ಒಪ್ಪಿಸಿ ಮನೆಗೆ ಬಂದಳು. ಇರುವೆ ಸಾಲು, ಬಣ್ಣದ ಪಂಚೆ, ನೀಲಿ ಬಾಯಿಯ ಮಗ, ಮೂರನ್ನೂ ಒಂದು ಸುತ್ತು ನೋಡಿದಳು.

"ಏನ್ ಕಚ್ತೋ ನಿಂಗೆ?"

"ಏನೂ ಕಚ್ಚಿಲ್ಲ ಅವ್ವ, ಕೆಟ್ಟೆ." ಕತೆ ಕೇಳಿದ ಗುಡ್ಡಮ್ಮ ಮಗನ ತಲೆಗೆ ಒಂದು ಮೊಟಕಿದಳು.

"ಇದಕ್ಕೆ ಬೆಳಿಗ್ಗಿಂದ ಒದ್ದಾಡೀಯ? ನನ್ನ ಕೇಳಬಾರ್ದಾ? ಈ ಮನೆಗೆ ಯಾವ ಡಬ್ಬಿ ಎಂದು ಬಂತು ಅಂತ ನಂಗೆ ಗೊತ್ತಿಲ್ವಾ? ಈ ಹಸಿರು ಬಣ್ಣ ಬಂದಿದ್ದು ನಮ್ ಬೋಳಿ ಕುರಿ ಹೆಣ್ಣು ಮರಿ ಹಾಕಿದ ದಿನ. ಈ ಮಿನುಗು ಪುಡಿ, ಟಗರು ಬಾವಿಗೆ ಬಿದ್ದು ಎತ್ತಿಸಿದ್ವಲ್ಲ, ಅದರ ಮಾರನೇ ದಿನ."

ಯತೀಶ ಕುಣಿದುಬಿಟ್ಟ. ಗುಡ್ಡಮ್ಮನಿಗೆ ಓದು ಬರದು, ಆದರೆ ಹಟ್ಟಿಯಲ್ಲಿ ನಡೆದ ಒಂದೊಂದು ಹೆರಿಗೆಯೂ ತಲೆಯಲ್ಲಿತ್ತು. ಯಾವ ಕುರಿ ಎಂದು ಮರಿ ಹಾಕಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಯತೀಶನದೇ ಕೆಲಸ. ಹೋದ ವರ್ಷದ ಕ್ಯಾಲೆಂಡರೂ ಅದೇ ಮೊಳೆಯಲ್ಲಿ ಈ ವರ್ಷದ್ದರ ಹಿಂದೆ ನೇತಾಡುತ್ತಿತ್ತು. ಅವ್ವ ಕುರಿ ಹೇಳಿದರೆ ಸಾಕು, ಕ್ಯಾಲೆಂಡರು ದಿನಾಂಕ ಹೇಳುತ್ತದೆ.

ಬರೆಯುವವರು ಬೇಕಿತ್ತು. ಯತೀಶನ ಅಕ್ಷರ ಕೋಳಿ ಕೆದಕಿದ ಹಾಗೆ. ಎದುರು ಮನೆಯ ಅಂಗನವಾಡಿ ಟೀಚರ್ ಮೈತ್ರಿ ಆಗಷ್ಟೇ ಕೆಲಸ ಮುಗಿಸಿ ಬರುತ್ತಿದ್ದಳು. ಅವಳದು ಮುತ್ತಿನಂಥ ಅಕ್ಷರ. ವಿಷಯ ತಿಳಿದು ನಕ್ಕು ನಕ್ಕು ಸಾಕಾದಮೇಲೆ ಸ್ಕೆಚ್ ಪೆನ್ನು ಹಿಡಿದು ಕೂತಳು.

"ನೀವು ಹೋಗಿ ಆ ಬಾಯಿ ತೊಳ್ಕೊಳ್ಳಿ ಯತೀಶಣ್ಣ, ನಿಮ್ಮ ಮುಖ ನೋಡಿದ್ರೆ ನಂಗೆ ಬರಿಯಕ್ಕೆ ಆಗಲ್ಲ. ಹಂಗೇ ಪಂಚೆನೂ ಒಗೆದುಬಿಡಿ."

ಯತೀಶ ಹಿತ್ತಲಿನ ಒಗೆಯುವ ಕಲ್ಲಿಗೆ ಹೋದ. ಉಪ್ಪು, ಇದ್ದಿಲು, ನಿಂಬೆಹಣ್ಣು ಒಂದಾದಮೇಲೊಂದು ಹಾಕಿ ಹಲ್ಲು ಉಜ್ಜಿದ, ಆಮೇಲೆ ಪಂಚೆಯನ್ನು ಕಲ್ಲಿಗೆ ಬಡಿದ. ಬಡಿತದ ನಡುನಡುವೆ ಒಳಗಿನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಕುಂಟ ಕುರಿ, ಕೆಂದ ಕುರಿ, ಲಸಿಕೆ ಡಾಕ್ಟ್ರು ಬಂದ ಸೋಮವಾರ, ಕರಿಕುರಿ ಅವಳಿ ಹಾಕಿದ ದಿನ... ಅವ್ವನ ನೆನಪಿನ ಶಕ್ತಿಗೆ ಅವನ ಎದೆ ಉಬ್ಬಿ ಬಂತು. ಇಂಥ ತಾಯಿ ಇರುವಾಗ ತನಗೇನು ಕಡಿಮೆ ಎಂದುಕೊಂಡು ಇನ್ನೂ ಜೋರಾಗಿ ಪಂಚೆ ಬಡಿದ.

ಐದೂಕಾಲಿಗೆ ಸಂಗೀತ ಬಾಗಿಲಿಗೆ ಬಂದಾಗ ಹತ್ತೊಂಬತ್ತು ಡಬ್ಬಿಗಳೂ ಕಪಾಟಿನಲ್ಲಿ ಸಾಲಾಗಿದ್ದವು, ಮುಚ್ಚಳಗಳ ಮೇಲೆ ದಿನಾಂಕಗಳು ಕೂತಿದ್ದವು. ಹನುಮಂತಪ್ಪನೂ ಏನಾಗುತ್ತದೋ ನೋಡೋಣವೆಂದು ಬಂದು ಕಟ್ಟೆಯ ಮೇಲೆ ಕೂತಿದ್ದ. ಸಂಗೀತ ಕಪಾಟು ತೆರೆದಳು. ಒಂದು ಮುಚ್ಚಳ ಕೈಗೆತ್ತಿಕೊಂಡಳು.

"ಇದು ನನ್ನ ಅಕ್ಷರ ಅಲ್ಲಲ್ಲ?"

ಎಲ್ಲದರ ಬಗ್ಗೆಯೂ ಯೋಚಿಸಿದ್ದ ಯತೀಶ ಇದೊಂದನ್ನು ಯೋಚಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಒದ್ದೆ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆದರೆ ಸಂಗೀತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅಲ್ರೀ, ನಾ ಬರೆದ ಪ್ರತಿ ಮುಚ್ಚಳದ ಫೋಟೋ ನನ್ನ ಫೋನಿನಾಗ ಐತಿ! ಅಂಗಡಿಗೆ ಹೋದಾಗ ನೋಡಾಕ ಬೇಕಾಗ್ತೈತಿ ಅಂತ ಇಟ್ಕೊಂಡೀನಿ. ಮಧ್ಯಾಹ್ನ ಒಂದು ಮಾತು ಹೇಳಿದ್ರ ಅಲ್ಲೇ ಕಳಸ್ತಿದ್ನಲ್ಲ?"

ಯತೀಶ ತನ್ನ ಪಂಚೆಯನ್ನೂ ನಾಲಿಗೆಯನ್ನೂ ನೆನೆದು ನಿಟ್ಟುಸಿರು ಬಿಟ್ಟ. ಹೋಗಲಿ, ಹೆಂಡತಿ ನಗುತ್ತಿದ್ದಾಳೆ, ಕಬಡ್ಡಿ ಉಳಿಯಿತು. ಆ ಸಮಾಧಾನದಲ್ಲಿ ನಾಲಿಗೆ ಸ್ವಲ್ಪ ಉದ್ದವಾಯಿತು.

"ಫೋಟೋ ಯಾಕೆ ಬೇಕೇ? ನಮ್ಮವ್ವ ಹೇಳಿದ್ದು ಒಂದು ದಿನನೂ ತಪ್ಪಲ್ಲ. ಬೇಕಾದ್ರೆ ಹೋಲಿಸಿ ನೋಡು."

ಸಂಗೀತಳಿಗೂ ಕುತೂಹಲವಾಯಿತು. ಫೋನ್ ತೆಗೆದು ಒಂದೊಂದೇ ಓದಿದಳು, ಮೈತ್ರಿ ಮುಚ್ಚಳ ನೋಡಿ ಹೇಳಿದಳು. ಹಸಿರು ಬಣ್ಣ ಸರಿ. ಮಿನುಗು ಪುಡಿ ಸರಿ. ಸಕ್ಕರೆ ಹೂವು ಸರಿ. ಹದಿನೆಂಟಕ್ಕೆ ಹದಿನೆಂಟೂ ಸರಿ! ಹನುಮಂತಪ್ಪ ಕಟ್ಟೆಯ ಮೇಲಿಂದ ಭೇಷ್ ಎಂದ. ಗುಡ್ಡಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಇದರಲ್ಲೇನಿದೆ ಎಂಬಂತೆ ಗೋಡೆ ನೋಡಿದಳು.

ಹತ್ತೊಂಬತ್ತನೆಯದು ಫಾಂಡೆಂಟ್ ಡಬ್ಬಿ.

"ಫೆಬ್ರವರಿ ಹನ್ನೊಂದು" ಎಂದಳು ಸಂಗೀತ.

"ನವೆಂಬರ್ ಎರಡು" ಎಂದಳು ಮೈತ್ರಿ.

"ಇದೊಂದು ತಪ್ಪೈತ್ರಿ ಅತ್ತಿ. ಇದನ್ನ ಇವರು ಫೆಬ್ರವರಿಯಾಗ ಶಿವಮೊಗ್ಗಕ್ಕ ಹೋಗಿ ತಂದಾರ."

ಗುಡ್ಡಮ್ಮನ ಮಾನಕ್ಕೆ ಪೆಟ್ಟು ಬಿತ್ತು. "ಯಾವ ಶಿವಮೊಗ್ಗ? ದೀಪಾವಳಿಗೆ ಇಂಥವು ಎರಡು ತಂದಿದ್ದ. ಒಂದು ನಿಂಗೆ ಕೊಟ್ಟ. ಅವತ್ತೇ ನಮ್ ಕರಿಕುರಿ ಅವಳಿ ಹಾಕ್ತು, ಒಂದು ಮರಿ ಬಡಕಲು. ಅವು ಬಂದಿದ್ದ ರಟ್ಟಿನ ಪೆಟ್ಟಿಗೆ ಖಾಲಿ ಮಾಡಿ ಮರಿ ಮಲಗಿಸಿದ, ಇನ್ನೊಂದನ್ನ ಹಟ್ಟಿ ಅಟ್ಟದ ಮೇಲೆ ತಗಡಿನ ಕೆಳಗೆ ಒಗೆದು ಮರೆತ. ಮೂರು ತಿಂಗಳಾದ ಮೇಲೆ ಇಳಿಸಿ ಒರೆಸ್ತಿದ್ದ, ನಾನೇ ನೋಡೀನಿ. ಬೇಕಾದ್ರೆ ಆ ಮರಿನೇ ಕೇಳು."

ರಟ್ಟಪ್ಪ ಹೊಸ್ತಿಲ ಮೇಲೆ ನಿಂತು ಬ್ಯಾ ಎಂದ.

ಯತೀಶ ನಡುವೆ ಬಾಯಿ ಹಾಕಿದ. "ಅವ್ವಂಗೆ ವಯಸ್ಸಾಯ್ತಲ್ಲ, ಒಂದೊಂದು ಸಲ ಮರೆವು..."

"ಈಗಿನ್ನೂ ಒಂದು ದಿನನೂ ತಪ್ಪಲ್ಲ ಅಂದ್ರಲ್ಲ ಯತೀಶಣ್ಣ?" ಎಂದು ಮೈತ್ರಿ ಹಳೆಯ ಕ್ಯಾಲೆಂಡರು ತೋರಿಸಿದಳು. ನವೆಂಬರ್ ಎರಡರ ಮನೆಯಲ್ಲಿ ಕೋಳಿ ಕೆದಕಿದ ಅಕ್ಷರದಲ್ಲಿ 'ಕರಿಕುರಿ ಅವಳಿ, ಒಂದು ಪೆಟ್ಟಿಗೆಯಲ್ಲಿ' ಎಂದಿತ್ತು. ಸಂಗೀತ ಈ ವರ್ಷದ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿದಳು. ಫೆಬ್ರವರಿ ಹನ್ನೊಂದು. ಅದೇ ಅಕ್ಷರ. 'ಶಿರಾಳಕೊಪ್ಪ ಕಬಡ್ಡಿ. ನಮ್ಮವರೇ ಗೆದ್ದರು.'

ಸಂಗೀತ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದಳು. "ಅದಕ್ಕ! ಎಲ್ಲೋ ಕಂಡ ವಾಸನಿ ಅಂತಿದ್ದೆ. ಕುರಿ ಹಟ್ಟಿ ವಾಸನಿ! ಮೂರು ತಿಂಗಳು ತಗಡಿನ ಕೆಳಗ ಕಾದು ಒಣಗಿದ್ದು ಬಿರುಕು ಬಿಡದ ಏನು ಮಾಡೀತು? ಒಂದು ತಿಂಗಳಿಂದ ನನ್ನ ಕೈಗೇ ಬೈಕೊಂಡು ಅಳಾಕತ್ತಿದ್ನಲ್ರೀ ನಾನು!"

ಯತೀಶನಿಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಅಳುತ್ತಾಳೆಂದು ಹೆದರಿ ನೋಡಿದರೆ, ಸಂಗೀತ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಮುಖ ಅರಳುತ್ತ ಬಂತು.

"ಅತ್ತಿ, ನನ್ನ ಕೈಯಾಗ ದೋಷ ಇಲ್ರಿ! ನನ್ನ ಕೈ ಚಲೋ ಐತ್ರಿ!" ಎಂದು ಗುಡ್ಡಮ್ಮನನ್ನು ತಬ್ಬಿಕೊಂಡಳು. ಮೈತ್ರಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನಗುವುದನ್ನು ಕಂಡು ಯತೀಶನೂ ಮೆಲ್ಲಗೆ ನಕ್ಕ. ಅದೇ ತಪ್ಪಾಯಿತು, ಸಂಗೀತ ಇವನ ಕಡೆ ತಿರುಗಿದಳು.

"ನಾಳೆ ಮೊದಲನೇ ಬಸ್ಸಿಗೆ ಶಿವಮೊಗ್ಗಕ್ಕ ಹೋಗ್ರಿ. ಆ ಅಂಗಡಿ ಭಾನುವಾರನೂ ತಗದಿರ್ತಾರ. ಹೊಸ ಫಾಂಡೆಂಟ್ ತರ್ರಿ, ಆಮೇಲೆ ನೀವು ನೆನಸಿದ ಬಣ್ಣದ ಕಾಳಿಗೆ, ತೊಳದ ಬೆಳ್ಳಿ ಗುಂಡಿಗೆ ಬದಲಿನೂ ತರ್ರಿ. ಅಂಗಡಿ ಬೋರ್ಡಿನ ಕೆಳಗ ನಿಂತು ಫೋಟೋ ಕಳಸ್ರಿ. ಹಲ್ಲು ಕಾಣಬೇಕು."

"ನಾಳೆ ಫೈನಲ್ಲು..."

"ನಿಂದು ಟಿಕೀಟು ಹಾಳಾಗದು ಬ್ಯಾಡ, ನಾ ಹೋಗಿ ನೋಡ್ಕಂಡು ಬಂದು ಹೇಳ್ತೀನಿ ಬಿಡು" ಎಂದು ಹನುಮಂತಪ್ಪ ಕಟ್ಟೆಯ ಮೇಲಿಂದ ಧೈರ್ಯ ಹೇಳಿದ. "ನಿನ್ನ ಬೈಕಿನ ಬೀಗದಕೈ ಎಲ್ಲೈತೆ?"

ಮೈತ್ರಿ ಹತ್ತೊಂಬತ್ತನೇ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಪೆನ್ನು ಹಿಡಿದು ಕೇಳಿದಳು. "ನಾಳೆ ಬರೋ ಡಬ್ಬಿಗೆ ಈಗಲೇ ದಿನಾಂಕ ಬರೆದಿಡ್ಲಾ?"

"ಬರಿಯದು ಏನೂ ಬ್ಯಾಡ" ಎಂದಳು ಗುಡ್ಡಮ್ಮ, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡುತ್ತ. "ನಂಗೆ ನೆನಪಿರ್ತದೆ. ನನ್ನ ಮಗ ಸಿಕ್ಕಿಬಿದ್ದ ಮಾರನೇ ದಿನ."